ಸ್ಥಿರಾಂಕವನ್ನು ಪ್ರಶ್ನಿಸಿದ ಮೌನಿ: ಪಾಲ್ ಡಿರಾಕ್

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ವಿಜ್ಞಾನಿಯೊಬ್ಬರ ಜೀವನಚಿತ್ರವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಅಪೇಕ್ಷಿಸಿದಾಗ ರಾಮನ್, ಜಗದೀಶಚಂದ್ರ ಬೋಸ್, ವಿಶ್ವೇಶ್ವರಯ್ಯ ಮೊದಲಾದವರ ಹೆಸರುಗಳು ಸಹಜವಾಗಿಯೇ ನೆನಪಿಗೆ ಬಂದವು. ಆ ಮಹನೀಯರ ಕುರಿತು ಕನ್ನಡದಲ್ಲಿ ಬೇಕಾದಷ್ಟು ಬರೆಹಗಳಿವೆ. ಹಲವು ವರ್ಷಗಳ ಕಾಲ ಇಲ್ಲಿ ಭೌತವಿಜ್ಞಾನವನ್ನು ಬೋಧಿಸಿದ ನಾನು ಆರಿಸಿಕೊಂಡದ್ದು ಪಾಲ್ ಡಿರಾಕರನ್ನು. ಅದಕ್ಕೊಂದು ಕಾರಣವಿದೆ. ಪಠ್ಯಪುಸ್ತಕದ ಕೊನೆಯಲ್ಲಿ ಸ್ಥಿರಾಂಕಗಳ ಪಟ್ಟಿಯೊಂದಿರುತ್ತದೆ: ಬೆಳಕಿನ ವೇಗ, ಎಲೆಕ್ಟ್ರಾನಿನ ವಿದ್ಯುದಂಶ, ಪ್ಲಾಂಕರ ಸ್ಥಿರಾಂಕ, ನ್ಯೂಟನ್ನರ ಗುರುತ್ವ ಸ್ಥಿರಾಂಕ. ಮಕ್ಕಳು ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ. ಈ ಸಂಖ್ಯೆಗಳು ಸೃಷ್ಟಿಯ ಆದಿಯಿಂದಲೂ ಹೀಗೆಯೇ ಇದ್ದುವೇ, ಮುಂದೆಯೂ ಹೀಗೆಯೇ ಇರುವುವೇ ಎಂದು ಕೇಳುವವರು ವಿರಳ. ಆ ಪ್ರಶ್ನೆಯನ್ನು ಅಳೆದು ನೋಡಬಹುದಾದ ರೂಪದಲ್ಲಿ ವಿಜ್ಞಾನಲೋಕದ ಮುಂದಿಟ್ಟವರು ಡಿರಾಕರು. ಅವರ ಉಳಿದ ಕೀರ್ತಿ ಎಲ್ಲ ಗ್ರಂಥಗಳಲ್ಲಿಯೂ ಇದೆ. ಅದನ್ನು ಸಂಕ್ಷೇಪವಾಗಿ ಹೇಳಿ, ಅಷ್ಟಾಗಿ ಜನಜನಿತವಲ್ಲದ ಈ ಭಾಗವನ್ನು ಕೊಂಚ ವಿಸ್ತರಿಸುತ್ತೇನೆ.

ಪಾಲ್ ಏಡ್ರಿಯನ್ ಮಾರಿಸ್ ಡಿರಾಕರು 1902ನೆಯ ಇಸವಿ ಆಗಸ್ಟ್ 8ರಂದು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜನಿಸಿದರು. ತಂದೆ ಚಾರ್ಲ್ಸ್ ಡಿರಾಕರು ಸ್ವಿಟ್ಜರ್‌ಲೆಂಡಿನ ಫ್ರೆಂಚ್ ಭಾಷಿಕ ಪ್ರದೇಶದಿಂದ ಬಂದು ಬ್ರಿಸ್ಟಲಿನ ಮರ್ಚೆಂಟ್ ವೆಂಚರರ್ಸ್ ವಿದ್ಯಾಲಯದಲ್ಲಿ ಫ್ರೆಂಚ್ ಉಪಾಧ್ಯಾಯರಾಗಿದ್ದವರು. ತಾಯಿ ಫ್ಲಾರೆನ್ಸ್ ಇಂಗ್ಲೆಂಡಿನವರೇ. ಫೀಲಿಕ್ಸ್ ಎಂಬ ಅಣ್ಣ, ಬೆಟ್ಟಿ ಎಂಬ ತಂಗಿ. ತಂದೆಯವರು ಶಿಸ್ತಿಗೆ ಹೆಸರಾದ ಮಾಸ್ತರರು; ಮನೆಯೊಳಗೂ ಅವರು ಮಾಸ್ತರರೇ ಆಗಿದ್ದರು. ಊಟದ ಮೇಜಿನಲ್ಲಿ ತಮ್ಮೊಡನೆ ಫ್ರೆಂಚಿನಲ್ಲಿಯೇ ಮಾತಾಡಬೇಕೆಂಬುದು ಅವರ ಕಟ್ಟಪ್ಪಣೆ. ಅದರಲ್ಲಿ ತನ್ನ ಮನಸ್ಸಿನದನ್ನು ಹೇಳಲಾರದ ಬಾಲಕ ಪಾಲ್ ಮೌನವೇ ಲೇಸೆಂದುಕೊಂಡ. ತಂದೆಯೂ ಪಾಲನೂ ಊಟದ ಕೋಣೆಯಲ್ಲಿ, ತಾಯಿ ಮತ್ತು ಉಳಿದ ಮಕ್ಕಳು ಅಡುಗೆಮನೆಯಲ್ಲಿ ಉಣ್ಣುತ್ತಿದ್ದರೆಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ.

ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ ಅಥವಾ ಮಲಯಾಳವನ್ನಾಡಿ ಶಾಲೆಗೆ ಬಂದು ಕನ್ನಡದಲ್ಲಿ ಕಲಿಯುವ ಕಾಸರಗೋಡಿನ ನಮ್ಮ ಮಕ್ಕಳಿಗೆ ಎರಡು ಮೂರು ಭಾಷೆಗಳ ನಡುವೆ ಬೆಳೆಯುವುದು ಹೊಸತೇನಲ್ಲ; ಅದರಿಂದ ಅವರ ಬಾಯಿ ಕಟ್ಟಿದ್ದನ್ನು ನಾನು ಕಂಡಿಲ್ಲ. ಭಾಷೆ ಹೆಚ್ಚಾದುದರಿಂದ ಡಿರಾಕರ ಮಾತು ನಿಂತದ್ದಲ್ಲ, ಅದರೊಡನೆ ಬೆರೆತ ಭಯದಿಂದ ನಿಂತಿತೆಂದು ನನಗೆ ತೋರುತ್ತದೆ. 1925ರಲ್ಲಿ ಅಣ್ಣ ಫೀಲಿಕ್ಸ್ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಅವನಿಗೆ ವೈದ್ಯಶಾಸ್ತ್ರವನ್ನು ಓದುವ ಹಂಬಲವಿತ್ತು. ತಂದೆಯ ಇಚ್ಛೆಯಂತೆ ಇಂಜಿನಿಯರಿಂಗ್ ಓದಿದ್ದನು. ಆ ಮನೆಯ ಮೌನಕ್ಕೆ ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಕಿಲ್ಲ.

ಪಾಲ್ ಮೊದಲು ಕಲಿತದ್ದು ಬಿಷಪ್ ರೋಡ್ ಪ್ರಾಥಮಿಕ ಶಾಲೆಯಲ್ಲಿ. ಮುಂದೆ ಕ್ಯಾರಿ ಗ್ರಾಂಟ್ ಎಂಬ ಹೆಸರಿನಿಂದ ಹಾಲಿವುಡ್ಡಿನಲ್ಲಿ ಮೆರೆದ ನಟನೂ ಅದೇ ಕಾಲದಲ್ಲಿ ಅದೇ ಶಾಲೆಯ ವಿದ್ಯಾರ್ಥಿ. ಒಂದೇ ಅಂಗಳದಿಂದ ಜಗತ್ತಿನ ಅತಿ ಮೌನಿಯೂ ಅತಿ ಜನಪ್ರಿಯನೂ ಹೊರಟರೆಂಬುದು ಶಾಲಾ ಸಂಚಿಕೆಯೊಂದರಲ್ಲಿ ಹೇಳತಕ್ಕ ಮಾತೇ ಸರಿ. ಆಮೇಲೆ ತಂದೆಯ ವಿದ್ಯಾಲಯ. ಅಲ್ಲಿ ಗ್ರೀಕ್, ಲ್ಯಾಟಿನ್‌ಗಳಿಗೆ ಬದಲಾಗಿ ವಿಜ್ಞಾನ, ಲೋಹದ ಕೆಲಸ ಮುಂತಾದವುಗಳಿಗೆ ಪ್ರಾಶಸ್ತ್ಯ. ಮೊದಲ ಮಹಾಯುದ್ಧಕ್ಕೆ ಹಿರಿಯ ಹುಡುಗರು ಹೊರಟುಹೋದುದರಿಂದ ಕಿರಿಯರು ಬೇಗಬೇಗನೆ ಮೇಲಿನ ತರಗತಿಗಳಿಗೆ ಏರಿದರು. 1918ರಲ್ಲಿ ಡಿರಾಕರು ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಇಂಜಿನಿಯರಿಂಗಿಗೆ ಸೇರಿದರು. ಮರುವರ್ಷ, 1919ರ ಸೂರ್ಯಗ್ರಹಣದ ವೀಕ್ಷಣೆಯು ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನು ಸಮರ್ಥಿಸಿತೆಂಬ ವಾರ್ತೆ ಪತ್ರಿಕೆಗಳಲ್ಲೆಲ್ಲ ಹಬ್ಬಿತು. ಯಂತ್ರಗಳನ್ನು ಕಲಿಯಲು ಬಂದ ಯುವಕನ ಚಿತ್ತ ಆಕಾಶದತ್ತ ತಿರುಗಿತು. 1921ರಲ್ಲಿ ಪ್ರಥಮ ದರ್ಜೆಯ ಪದವಿ ಕೈಗೆ ಬಂತು. ಯುದ್ಧಾನಂತರದ ಆರ್ಥಿಕ ಕುಸಿತದಲ್ಲಿ ಉದ್ಯೋಗ ಸಿಗಲಿಲ್ಲ. ಬ್ರಿಸ್ಟಲಿನ ಗಣಿತ ವಿಭಾಗವು ಶುಲ್ಕವಿಲ್ಲದೆ ಪಾಠ ಕೇಳಲು ಅವಕಾಶವಿತ್ತುದರಿಂದ ಎರಡು ವರ್ಷ ಗಣಿತವನ್ನು ಅಭ್ಯಸಿಸಿ 1923ರಲ್ಲಿ ಕೇಂಬ್ರಿಜನ್ನು ಸೇರಿದರು. ಉದ್ಯೋಗ ಸಿಕ್ಕಿದ್ದರೆ ಏನಾಗುತ್ತಿತ್ತೆಂದು ನಾನು ಆಗಾಗ ಯೋಚಿಸುವುದುಂಟು.

ಕೇಂಬ್ರಿಜಿನ ಮುಂದಿನ ಹತ್ತು ವರ್ಷಗಳ ಕಥೆಯನ್ನು ಬೇಗನೆ ಹೇಳುತ್ತೇನೆ. 1925ರಲ್ಲಿ ಹೈಸನ್‌ಬರ್ಗರ ಹೊಸ ಲೇಖನವು ಡಿರಾಕರ ಕೈಸೇರಿತು. ಕೆಲವೇ ತಿಂಗಳಲ್ಲಿ ಅವರು ಕ್ವಾಂಟಂ ಬಲವಿಜ್ಞಾನಕ್ಕೆ ತಮ್ಮದೇ ಆದ ಗಣಿತರೂಪವನ್ನಿತ್ತರು. 1928ರಲ್ಲಿ ಸಾಪೇಕ್ಷತೆಯನ್ನೂ ಕ್ವಾಂಟಮನ್ನೂ ಒಂದುಗೂಡಿಸಿದ ಎಲೆಕ್ಟ್ರಾನ್ ಸಮೀಕರಣ ಹೊರಬಂತು. ಎಲೆಕ್ಟ್ರಾನಿನಷ್ಟೇ ತೂಕದ, ವಿರುದ್ಧ ವಿದ್ಯುದಂಶದ ಕಣವೊಂದು ಇರಬೇಕೆಂದು ಆ ಸಮೀಕರಣದ ಆಧಾರದಿಂದ 1931ರಲ್ಲಿ ಸಾರಿದರು. 1932ರಲ್ಲಿ ಅಮೆರಿಕೆಯ ಆಂಡರ್ಸನ್ನರು ವಿಶ್ವಕಿರಣಗಳಲ್ಲಿ ಅದನ್ನು ಕಂಡೇಬಿಟ್ಟರು. ಅದೇ ವರ್ಷ, ಹಿಂದೆ ನ್ಯೂಟನ್ನರು ಅಲಂಕರಿಸಿದ್ದ ಲ್ಯುಕೇಸಿಯನ್ ಪ್ರಾಧ್ಯಾಪಕ ಪೀಠವು ಡಿರಾಕರಿಗೆ ಲಭಿಸಿತು. 1933ರಲ್ಲಿ ಶ್ರೋಡಿಂಜರರೊಡನೆ ನೊಬೆಲ್ ಪಾರಿತೋಷಕ. ಆಗ ವಯಸ್ಸು 31. ಪ್ರಚಾರಕ್ಕೆ ಹೆದರಿ ಅದನ್ನು ಬೇಡವೆನ್ನಲು ಹೊರಟಿದ್ದ ಅವರಿಗೆ, ಬೇಡವೆಂದರೆ ಇನ್ನೂ ಹೆಚ್ಚಿನ ಪ್ರಚಾರವಾದೀತೆಂದು ರುದರ್ಫರ್ಡರು ತಿಳಿಹೇಳಬೇಕಾಯಿತು.

ಸಮೀಕರಣದ ಸೌಂದರ್ಯವನ್ನು ನಂಬಿ ನಡೆದರೆ ನಿಸರ್ಗವು ಸಾಕ್ಷಿ ನುಡಿಯುತ್ತದೆಂಬ ವಿಶ್ವಾಸ ಅವರಲ್ಲಿ ಬೇರೂರಿದ್ದು ಈ ದಶಕದಲ್ಲಿ. ಮುಂದಿನ ಕಥೆಯಲ್ಲಿ ನಿಸರ್ಗವು ಅಷ್ಟು ಉದಾರವಾಗಿರಲಿಲ್ಲ.

1937ರ ಜನವರಿಯಲ್ಲಿ ಡಿರಾಕರು ಹಂಗೇರಿ ಮೂಲದ ಮಾರ್ಗಿಟ್ ಎಂಬ ವಿದುಷಿಯನ್ನು ವಿವಾಹವಾದರು. ಆಕೆ ಭೌತವಿಜ್ಞಾನಿ ಯೂಜೀನ್ ವಿಗ್ನರರ ತಂಗಿ. ಮುಂದಿನ ತಿಂಗಳು, ಫೆಬ್ರವರಿಯಲ್ಲಿ, ನೇಚರ್ ಪತ್ರಿಕೆಯಲ್ಲಿ ಅವರದೊಂದು ಕಿರುಲೇಖನ ಪ್ರಕಟವಾಯಿತು. ಅದರ ವಾದವನ್ನು ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಹಿಂಬಾಲಿಸಬಲ್ಲನು.

ಜಲಜನಕದ ಪರಮಾಣುವನ್ನು ತೆಗೆದುಕೊಳ್ಳಿ. ಅದರಲ್ಲಿ ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್. ಇವುಗಳ ನಡುವೆ ವಿದ್ಯುತ್ತಿನ ಸೆಳೆತವೂ ಇದೆ, ಗುರುತ್ವದ ಸೆಳೆತವೂ ಇದೆ. ಮೊದಲನೆಯದು ಎರಡನೆಯದರ ಎಷ್ಟು ಪಾಲು? ಎರಡೂ ದೂರದ ವರ್ಗಕ್ಕೆ ವಿಲೋಮವಾಗಿರುವುದರಿಂದ ದೂರ ಎಷ್ಟೇ ಇದ್ದರೂ ಉತ್ತರ ಒಂದೇ: ಸ್ಥೂಲವಾಗಿ 2ರ ಮುಂದೆ 39 ಸೊನ್ನೆಗಳು. ಇನ್ನು ವಿಶ್ವದ ವಯಸ್ಸು. ಹಬಲ್ಲರ ಅಳತೆಯಂತೆ ಆಗ ಅದು ಸುಮಾರು 200 ಕೋಟಿ ವರ್ಷವೆಂದು ಎಣಿಸಲಾಗಿತ್ತು. ವರ್ಷವೆಂಬುದು ನಮ್ಮ ಭೂಮಿಯ ಅಳತೆಗೋಲು, ನಿಸರ್ಗದ್ದಲ್ಲ. ಆದ್ದರಿಂದ ಬೆಳಕು ಎಲೆಕ್ಟ್ರಾನಿನ ಗಾತ್ರದಷ್ಟು ದೂರವನ್ನು ಕ್ರಮಿಸಲು ಬೇಕಾಗುವ ಕಾಲವನ್ನೇ ಮಾನವಾಗಿಟ್ಟು ಅಳೆದರೆ ವಿಶ್ವದ ವಯಸ್ಸೂ ಹೆಚ್ಚುಕಡಿಮೆ 39 ಸೊನ್ನೆಗಳ ಸಂಖ್ಯೆಯೇ ಆಗುತ್ತದೆ! ಮೂರನೆಯದಾಗಿ, ಕಾಣಬಹುದಾದ ವಿಶ್ವದಲ್ಲಿರುವ ಪ್ರೋಟಾನುಗಳ ಸಂಖ್ಯೆ ಸುಮಾರು 1ರ ಮುಂದೆ 78 ಸೊನ್ನೆಗಳು, ಅಂದರೆ ಮೊದಲಿನ ಸಂಖ್ಯೆಯ ವರ್ಗದಷ್ಟು.

ಇಷ್ಟು ದೊಡ್ಡ ಸಂಖ್ಯೆಗಳು ಕಾಕತಾಳೀಯವಾಗಿ ಹೊಂದಿಕೊಳ್ಳಲಾರವು, ಅವುಗಳ ನಡುವೆ ನಿಯಮವೊಂದು ಇರಲೇಬೇಕೆಂದು ಡಿರಾಕರು ಭಾವಿಸಿದರು. ಆದರೆ ವಿಶ್ವದ ವಯಸ್ಸು ಕ್ಷಣಕ್ಷಣವೂ ಹೆಚ್ಚುತ್ತಿದೆ. ಸಂಬಂಧ ನಿತ್ಯವಾದುದಾದರೆ ಮೊದಲನೆಯ ಸಂಖ್ಯೆಯೂ ಅದರೊಡನೆ ಹೆಚ್ಚಬೇಕು. ಪರಮಾಣುವಿನ ಸ್ಥಿರಾಂಕಗಳು ಬದಲಾಗವೆಂದು ಇಟ್ಟುಕೊಂಡರೆ ಉಳಿಯುವುದು ಒಂದೇ ದಾರಿ: ಗುರುತ್ವ ಸ್ಥಿರಾಂಕವು ವಿಶ್ವದ ವಯಸ್ಸಿಗೆ ವಿಲೋಮವಾಗಿ ಕುಗ್ಗುತ್ತಿರಬೇಕು. ನ್ಯೂಟನ್ನರ ಪೀಠದಲ್ಲಿ ಕುಳಿತವರೇ ನ್ಯೂಟನ್ನರ ಸ್ಥಿರಾಂಕಕ್ಕೆ ಸ್ಥಿರತೆಯಿಲ್ಲವೆಂದರು.

ಇದನ್ನೋದಿದ ನೀಲ್ಸ್ ಬೋರರು ಪತ್ರಿಕೆಯನ್ನು ಹಿಡಿದುಕೊಂಡೇ ಗ್ಯಾಮೋ ಅವರ ಕೋಣೆಗೆ ಬಂದು, ಮದುವೆಯಾದವರ ಗತಿ ಹೀಗಾಗುತ್ತದೆ ನೋಡು ಎಂಬರ್ಥದ ವಿನೋದವಾಡಿದರೆಂದು ಗ್ಯಾಮೋ ಬರೆದಿಟ್ಟಿದ್ದಾರೆ. ಹರ್ಬರ್ಟ್ ಡಿಂಗಲ್ಲರದು ವಿನೋದವಲ್ಲ, ಕೋಪ. ಪ್ರಯೋಗವನ್ನು ಬಿಟ್ಟು ಶುದ್ಧ ಚಿಂತನೆಯಿಂದ ವಿಶ್ವವನ್ನು ಕಟ್ಟಹೊರಡುವುದು ಅರಿಸ್ಟಾಟಲನ ಕಾಲಕ್ಕೆ ಮರಳಿದಂತೆ ಎಂದು ಅವರು ಅದೇ ನೇಚರ್ ಪತ್ರಿಕೆಯಲ್ಲಿ ಖಂಡಿಸಿದರು. ಸಹಾನುಭೂತಿ ತೋರಿದವರೂ ಇದ್ದರು. ಕೇಂಬ್ರಿಜಿನಲ್ಲಿ ಡಿರಾಕರ ಪಾಠ ಕೇಳಿದ್ದ ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರರು, ಅದೇ ಸ್ಥಿರಾಂಕಗಳ ಜೋಡಣೆಯಿಂದ ನಕ್ಷತ್ರಗಳ ದ್ರವ್ಯರಾಶಿಯೂ ಹೊರಡುತ್ತದೆಂದು ಅದೇ ವರ್ಷ ಒಂದು ಟಿಪ್ಪಣಿಯನ್ನು ಬರೆದರು.

ಡಿಂಗಲ್ಲರ ಆರೋಪದಲ್ಲಿ ಅರ್ಧ ಸತ್ಯವಿದೆ, ಚಿಂತನೆಯೇನೋ ಶುದ್ಧವಾದುದೇ. ಆದರೆ ಅದರಿಂದ ಹೊರಟ ಫಲ ಅಳತೆಗೆ ಸಿಕ್ಕುವಂಥದು. ಗುರುತ್ವವು ವರ್ಷಕ್ಕೆ ಇಂತಿಷ್ಟು ಪಾಲು ಕುಗ್ಗುತ್ತದೆಂದ ಮೇಲೆ ಭೂಮಿ, ಚಂದ್ರ, ಸೂರ್ಯರನ್ನೇ ಸಾಕ್ಷಿಕಟ್ಟೆಗೆ ಕರೆಯಬಹುದು.

ಮೊದಲ ಸಾಕ್ಷಿಯನ್ನು ಕರೆದವರು ಡಿರಾಕರೇ. 1938ರ ವಿಸ್ತೃತ ಪ್ರಬಂಧದಲ್ಲಿ ತಮ್ಮ ಊಹೆಯಂತೆ ವಿಶ್ವದ ವಯಸ್ಸು 70 ಕೋಟಿ ವರ್ಷಗಳಷ್ಟೇ ಆಗುತ್ತದೆಂದು ಅವರು ಕಂಡುಕೊಂಡರು. ನೂರು ಕೋಟಿ ವರ್ಷ ಮೀರಿದ ಶಿಲೆಗಳು ಆಗಲೇ ಪತ್ತೆಯಾಗಿದ್ದುವು. ಮಗಳ ವಯಸ್ಸು ತಾಯಿಗಿಂತ ಹೆಚ್ಚಾದಂತಾಯಿತು. ವಿಕಿರಣ ಕ್ಷಯದ ವೇಗವೂ ಹಿಂದೆ ಬೇರೆಯಾಗಿದ್ದಿರಬಹುದೆಂದು ಹೇಳಿ ಅವರು ದಾಟಿಹೋದರು. ಆ ಬಳಿಕ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಈ ವಿಷಯದಲ್ಲಿ ಅವರು ಬಹಿರಂಗವಾಗಿ ಬರೆದದ್ದು ಅತ್ಯಲ್ಪ.

1948ರಲ್ಲಿ ಎಡ್ವರ್ಡ್ ಟೆಲ್ಲರರು ಸೂರ್ಯನನ್ನು ಸಾಕ್ಷಿಗೆ ಕರೆದರು. ಸೂರ್ಯನ ಪ್ರಕಾಶವು ಗುರುತ್ವ ಸ್ಥಿರಾಂಕದ ಏಳನೆಯ ಘಾತವನ್ನು ಅನುಸರಿಸುತ್ತದೆ. ಗುರುತ್ವ ತುಸು ಹೆಚ್ಚಾದರೂ ಸೂರ್ಯ ಬಹಳವಾಗಿ ಉರಿಯುತ್ತಾನೆ. ಮೇಲಾಗಿ ಭೂಮಿಯ ಕಕ್ಷೆಯೂ ಆಗ ಸೂರ್ಯನಿಗೆ ಸಮೀಪವಾಗಿರಬೇಕು. ಲೆಕ್ಕ ಹಾಕಿದರೆ ಕೇವಲ 20–30 ಕೋಟಿ ವರ್ಷಗಳ ಹಿಂದೆ ಭೂಮಿಯ ಸಮುದ್ರಗಳು ಕುದಿಯುವ ಹದದಲ್ಲಿದ್ದಿರಬೇಕು. ಆದರೆ ಆ ಕಾಲದ, ಅದಕ್ಕೂ ಹಿಂದಿನ ಶಿಲೆಗಳಲ್ಲಿ ಜಲಚರಗಳ ಪಳೆಯುಳಿಕೆಗಳು ಸಮೃದ್ಧವಾಗಿವೆ. ಇಂಥ ಸರಳವೂ ಬಲವಾದುದೂ ಆದ ವಾದವನ್ನು ನಾನು ಬೇರೆಡೆ ಹೆಚ್ಚಾಗಿ ಕಂಡಿಲ್ಲ. 1952ರಲ್ಲಿ ವಾಲ್ಟರ್ ಬಾಡೆಯವರು ಗೆಲಾಕ್ಸಿಗಳ ದೂರದ ಅಳತೆಯನ್ನು ತಿದ್ದಿ ವಿಶ್ವದ ವಯಸ್ಸು ಇಮ್ಮಡಿಯಾದಾಗ ಈ ಆಕ್ಷೇಪದ ಮೊನೆ ಕೊಂಚ ಮೊಂಡಾಯಿತು. ಡಿರಾಕರಿಗೆ ಉಸಿರಾಡಲು ಎಡೆ ದೊರೆಯಿತು.

ನಮ್ಮ ದೇಶದೊಡನೆ ಅವರಿಗಿದ್ದ ಸಂಬಂಧವನ್ನು ಇಲ್ಲಿ ಸ್ಮರಿಸುವುದು ಅಪ್ರಸ್ತುತವಾಗಲಾರದು. ಸತ್ಯೇಂದ್ರನಾಥ ಬೋಸರ ಸಂಖ್ಯಾನಿಯಮವನ್ನು ಅನುಸರಿಸುವ ಕಣಗಳಿಗೆ ಬೋಸಾನ್ ಎಂಬ ಹೆಸರನ್ನಿಟ್ಟವರು ಡಿರಾಕರೇ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಹೋಮಿ ಭಾಭಾ ಅವರ ಕೈಕೆಳಗೆ ಸಂಶೋಧನೆ ನಡೆಸಿದ್ದ ಹರೀಶ್‌ಚಂದ್ರರು 1945ರಲ್ಲಿ ಅಲ್ಲಿಂದ ಹೊರಟು ಕೇಂಬ್ರಿಜಿನಲ್ಲಿ ಡಿರಾಕರ ಶಿಷ್ಯರಾದರು. ಮುಂದೆ ಲೋಕವಿಖ್ಯಾತ ಗಣಿತಜ್ಞರಾದರು. 1954ರಲ್ಲಿ ಅಮೆರಿಕವು ಡಿರಾಕರಿಗೆ ವೀಸಾ ನಿರಾಕರಿಸಿದಾಗ ಅವರು ದಂಪತಿಸಮೇತರಾಗಿ ಭಾರತಕ್ಕೆ ಬಂದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಉಪನ್ಯಾಸಗಳನ್ನು ನೀಡಿದರು.

1961ರಲ್ಲಿ ಅಮೆರಿಕೆಯ ರಾಬರ್ಟ್ ಡಿಕ್ಕೆಯವರು ದೊಡ್ಡ ಸಂಖ್ಯೆಗಳ ಒಗಟಿಗೆ ಬೇರೆಯೇ ಉತ್ತರವನ್ನು ಸೂಚಿಸಿದರು. ನಕ್ಷತ್ರಗಳು ಉರಿದು ಇಂಗಾಲವೇ ಮೊದಲಾದ ಧಾತುಗಳನ್ನು ಹುಟ್ಟಿಸುವ ಮೊದಲು ಎಣಿಸುವ ಮನುಷ್ಯನಿರಲಾರ. ಅವು ಆರಿಹೋದ ಮೇಲೂ ಇರಲಾರ. ನಾವು ಇರಬಹುದಾದ ಕಾಲವೇ ಅಂಥದು. ಹಾಗಾಗಿ ಸಂಖ್ಯೆಗಳು ಹೊಂದಿಕೊಳ್ಳುವುದರಲ್ಲಿ ಸೋಜಿಗವಿಲ್ಲ. ಡಿರಾಕರು ಇದಕ್ಕೆ ಕೆಲವೇ ಸಾಲುಗಳ ಉತ್ತರವಿತ್ತರು. ಡಿಕ್ಕೆಯವರ ಮತದಂತೆ ಜೀವಕ್ಕೆ ಒಂದು ಅವಧಿ ಮಾತ್ರ. ತಮ್ಮ ಮತದಂತೆ ಜೀವವು ಅನಂತವಾಗಿ ಮುಂದುವರಿಯಬಹುದು. ತಮಗೆ ಎರಡನೆಯದೇ ಹಿತವೆಂಬುದು ಅದರ ತಾತ್ಪರ್ಯ. ತರ್ಕಕ್ಕೆ ಹೆಸರಾದ ಈ ಮನುಷ್ಯನ ಹೃದಯವು ಇಷ್ಟು ನೇರವಾಗಿ ಬೇರೆಲ್ಲಿಯೂ ಕಾಣಿಸಿಕೊಂಡುದನ್ನು ನಾನು ಓದಿಲ್ಲ. ಭಾವುಕತೆಯು ಪ್ರಮಾಣವಾಗಲಾರದೆಂಬುದು ಬೇರೆ ಮಾತು.

1967ರಲ್ಲಿ ಗ್ಯಾಮೋ ಅವರು ಗುರುತ್ವವನ್ನು ಬಿಟ್ಟು ಎಲೆಕ್ಟ್ರಾನಿನ ವಿದ್ಯುದಂಶವೇ ಬೆಳೆಯುತ್ತಿರಬಹುದೆಂದು ಸೂಚಿಸಿದರು. ದೂರದ ಕ್ವೇಸಾರುಗಳ ಬೆಳಕೂ ಭೂಮಿಯ ವಿಕಿರಣಶೀಲ ಖನಿಜಗಳೂ ಅದೇ ವರ್ಷವೇ ಆ ಸೂಚನೆಯನ್ನು ತಳ್ಳಿಹಾಕಿದುವು.

1969ರಲ್ಲಿ ಕೇಂಬ್ರಿಜಿನಿಂದ ನಿವೃತ್ತರಾದ ಡಿರಾಕರು ಅಮೆರಿಕೆಯ ಫ್ಲಾರಿಡಾ ರಾಜ್ಯದ ಟಾಲಹಸ್ಸಿಯ ವಿಶ್ವವಿದ್ಯಾಲಯವನ್ನು ಸೇರಿದರು. ಎಪ್ಪತ್ತರ ಗಡಿಯಲ್ಲಿ ಅವರು ಮತ್ತೆ 1937ರ ಪ್ರಶ್ನೆಗೇ ಮರಳಿದರೆಂಬುದು ವಿಶೇಷ. 1973ರಿಂದ ಮೊದಲ್ಗೊಂಡು ಪ್ರಬಂಧಗಳ ಮೇಲೆ ಪ್ರಬಂಧಗಳು ಬಂದುವು. ಪರಮಾಣುವಿಗೊಂದು ಗಡಿಯಾರ, ಗ್ರಹಗಳಿಗೊಂದು ಗಡಿಯಾರ. ವಿಶ್ವದಲ್ಲಿ ದ್ರವ್ಯವು ನಿರಂತರವಾಗಿ ಹುಟ್ಟುತ್ತಿದೆ. ಆ ಮೇಲೆ ಹಾಗೆ ಹುಟ್ಟಬೇಕಾಗಿಲ್ಲ. ಹೀಗೆ ಆಧಾರಗಂಬಗಳನ್ನು ಒಂದೊಂದಾಗಿ ಬದಲಾಯಿಸುತ್ತ ಹೋದರು. ಸೌಂದರ್ಯವನ್ನೇ ಸತ್ಯದ ಕುರುಹೆಂದು ಬಗೆದಿದ್ದವರ ಈ ಕಡೆಗಾಲದ ಕಟ್ಟಡದಲ್ಲಿ ತೇಪೆಗಳೇ ಹೆಚ್ಚೆಂದು ನನ್ನ ಅಭಿಪ್ರಾಯ. 1975ರ ಸುಮಾರಿಗೆ ಅಮೆರಿಕೆಯ ನೌಕಾ ವೀಕ್ಷಣಾಲಯದ ವಾನ್ ಫ್ಲಾಂಡರ್ನರು ಚಂದ್ರನ ಚಲನೆಯಲ್ಲಿ ಗುರುತ್ವ ಕುಗ್ಗುತ್ತಿರುವ ಚಿಹ್ನೆ ಕಂಡಿತೆಂದಾಗ ಡಿರಾಕರು ಅದನ್ನು ತಮ್ಮ ಉಪನ್ಯಾಸಗಳಲ್ಲಿ ಭರವಸೆಯಿಂದ ಉಲ್ಲೇಖಿಸಿದರು. ಅದು ಮುಂದಿನ ಅಳತೆಗಳ ಮುಂದೆ ನಿಲ್ಲಲಿಲ್ಲ.

ಆ ಅಳತೆಗಳ ಬಗೆಯನ್ನು ಕೇಳಿದರೆ ಆಶ್ಚರ್ಯವಾಗುತ್ತದೆ. 1969ರಲ್ಲಿ ಅಪೊಲೊ 11ರ ಯಾತ್ರಿಕರು ಚಂದ್ರನ ಮೇಲೆ ಪ್ರತಿಫಲಕವೊಂದನ್ನಿಟ್ಟು ಬಂದರು. ಅಪೊಲೊ 14 ಮತ್ತು 15ರವರು ಇನ್ನೆರಡನ್ನು. ಭೂಮಿಯಿಂದ ಲೇಸರ್ ಕಿರಣವನ್ನು ಕಳುಹಿಸಿ ಅದು ಮರಳುವ ಕಾಲದಿಂದ ಚಂದ್ರನ ದೂರವನ್ನು ತಿಳಿಯುತ್ತಾರೆ. ಸಮುದ್ರದ ಭರತ ಇಳಿತಗಳ ಕಾರಣದಿಂದ ಚಂದ್ರನು ವರ್ಷಕ್ಕೆ 3.8 ಸೆಂಟಿಮೀಟರಿನಷ್ಟು ದೂರ ಸರಿಯುತ್ತಿದ್ದಾನೆ. ಗುರುತ್ವವು ವಿಶ್ವದ ವಯಸ್ಸಿಗೆ ವಿಲೋಮವಾಗಿ ಕುಗ್ಗುತ್ತಿದ್ದರೆ, ಇಂದು ಒಪ್ಪಿತವಾಗಿರುವ 1,380 ಕೋಟಿ ವರ್ಷಗಳ ವಯಸ್ಸಿಗೆ, ಅದರ ಕುಗ್ಗುವಿಕೆ ವರ್ಷಕ್ಕೆ ಹತ್ತು ಸಾವಿರ ಕೋಟಿಯಲ್ಲಿ 7 ಪಾಲು. ಅಷ್ಟರಿಂದಲೇ ಚಂದ್ರನು ಇನ್ನೂ ಎರಡೂವರೆ ಸೆಂಟಿಮೀಟರಿಗೂ ಮಿಕ್ಕಿ ಸರಿಯಬೇಕು. ಹಾಗೆ ಸರಿಯುತ್ತಿಲ್ಲ. 1976ರಲ್ಲಿ ಮಂಗಳ ಗ್ರಹದಲ್ಲಿಳಿದ ವೈಕಿಂಗ್ ನೌಕೆಗಳ ರೇಡಿಯೊ ಸಂಕೇತಗಳನ್ನು ವರ್ಷಗಟ್ಟಲೆ ವಿಶ್ಲೇಷಿಸಿ 1983ರಲ್ಲಿ ಪ್ರಕಟವಾದ ಫಲಿತಾಂಶವೂ ಡಿರಾಕರ ಊಹೆಗೆ ಪ್ರತಿಕೂಲವಾಗಿತ್ತು. ಇಂದಿನ ಲೇಸರ್ ಅಳತೆಯಂತೆ ಗುರುತ್ವ ಸ್ಥಿರಾಂಕದಲ್ಲಿ ಏನಾದರೂ ವ್ಯತ್ಯಾಸವಿದ್ದರೆ ಅದು ವರ್ಷಕ್ಕೆ ಹತ್ತು ಲಕ್ಷ ಕೋಟಿಯಲ್ಲಿ ಒಂದೆರಡು ಪಾಲಿಗಿಂತ ಹೆಚ್ಚಿರಲಾರದು.

1984ನೆಯ ಅಕ್ಟೋಬರ್ 20ರಂದು ಡಿರಾಕರು ಟಾಲಹಸ್ಸಿಯಲ್ಲಿ ನಿಧನರಾದರು. ಅಲ್ಲಿಯೇ ಅವರ ಸಮಾಧಿಯಿದೆ.

ಊಹೆ ಬಿದ್ದುಹೋಯಿತೆಂದು ಕಥೆಯನ್ನು ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಪ್ರಶ್ನೆಯು ಅವರೊಡನೆ ಮಣ್ಣಾಗಲಿಲ್ಲ. 1999ರಲ್ಲಿಯೂ 2001ರಲ್ಲಿಯೂ ಆಸ್ಟ್ರೇಲಿಯದ ಜಾನ್ ವೆಬ್ ಮತ್ತು ಸಂಗಡಿಗರು, ಬೆಳಕು ಮತ್ತು ದ್ರವ್ಯದ ನಂಟನ್ನು ನಿರ್ಧರಿಸುವ, ಸುಮಾರು 137ರಲ್ಲಿ ಒಂದು ಎಂಬ ಬೆಲೆಯ ಸೂಕ್ಷ್ಮರಚನಾ ಸ್ಥಿರಾಂಕವು ಕೋಟ್ಯಂತರ ವರ್ಷಗಳ ಹಿಂದೆ ಲಕ್ಷದಲ್ಲೊಂದು ಪಾಲಿನಷ್ಟು ಕಡಿಮೆಯಿದ್ದಂತೆ ಕ್ವೇಸಾರುಗಳ ಬೆಳಕಿನಲ್ಲಿ ಕಾಣುತ್ತದೆಂದರು. 2004ರಲ್ಲಿ ಪುಣೆಯ ಖಗೋಳ ಕೇಂದ್ರದ ಶ್ರೀಆನಂದ್ ಮತ್ತು ಸಹೋದ್ಯೋಗಿಗಳು ಬೇರೆ ದೂರದರ್ಶಕದ ದತ್ತಾಂಶದಲ್ಲಿ ಹುಡುಕಿದಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ಆಫ್ರಿಕದ ಗಬಾನಿನಲ್ಲಿ ಸುಮಾರು 200 ಕೋಟಿ ವರ್ಷಗಳ ಹಿಂದೆ ಯುರೇನಿಯಂ ಅದಿರಿನೊಳಗೆ ತಾನಾಗಿಯೇ ಉರಿದ ಓಕ್ಲೋದ ಪರಮಾಣು ಒಲೆಯ ಬೂದಿಯೂ ಸ್ಥಿರತೆಯ ಪರವಾಗಿಯೇ ಸಾಕ್ಷಿ ನುಡಿಯುತ್ತದೆ.

ಇದಕ್ಕಿಂತ ದೊಡ್ಡ ಸಂಗತಿ 1998ರದು. ದೂರದ ಸೂಪರ್‌ನೋವಾಗಳನ್ನು ಅಳೆದ ಎರಡು ತಂಡಗಳು ವಿಶ್ವದ ವಿಸ್ತರಣೆಯು ನಿಧಾನವಾಗುವುದರ ಬದಲು ವೇಗಗೊಳ್ಳುತ್ತಿದೆಯೆಂದು ಕಂಡವು. ಕಾರಣವೆಂದು ಊಹಿಸಲಾದ ವಸ್ತುವಿಗೆ ಡಾರ್ಕ್ ಎನರ್ಜಿ, ಅಂದರೆ ಕಪ್ಪು ಶಕ್ತಿ, ಎಂದು ಹೆಸರಾಯಿತು. ವಿಶ್ವದ ಒಟ್ಟು ಶಕ್ತಿಯಲ್ಲಿ ಹತ್ತಿರ ಹತ್ತಿರ ಶೇಕಡಾ 70 ಅದರದೇ. ಪರ್ಲ್‌ಮಟರ್, ಶ್ಮಿಟ್, ರೀಸ್ ಇವರಿಗೆ 2011ರ ನೊಬೆಲ್ ದೊರೆಯಿತು. 1917ರಲ್ಲಿ ಐನ್‌ಸ್ಟೈನರು ತಮ್ಮ ಸಮೀಕರಣಕ್ಕೆ ಸೇರಿಸಿ ಮುಂದೆ ಕೈಬಿಟ್ಟ ವಿಶ್ವಸ್ಥಿರಾಂಕವೇ ಹೀಗೆ ಹಿಂದಿರುಗಿತು. ಡಿರಾಕರು 1979ರಲ್ಲಿ ಒಪ್ಪಿಕೊಂಡಿದ್ದ ವಿಶ್ವದ ಮಾದರಿಯಲ್ಲಿ ಆ ಸ್ಥಿರಾಂಕದ ಬೆಲೆ ಸೊನ್ನೆ. ಅವರು ಹಾಕಿಕೊಟ್ಟ ಕ್ವಾಂಟಂ ತಳಹದಿಯ ಮೇಲೆ ಶೂನ್ಯಾಕಾಶದ ಶಕ್ತಿಯನ್ನು ಲೆಕ್ಕಹಾಕಿದರೋ, ಉತ್ತರವು ಕಂಡದ್ದಕ್ಕಿಂತ ಸುಮಾರು 120 ಸೊನ್ನೆಗಳಷ್ಟು ಹೆಚ್ಚು. ಇಷ್ಟು ದೊಡ್ಡ ಸಂಖ್ಯೆಯನ್ನು ಕಂಡಿದ್ದರೆ ಅವರು ಕೈಕಟ್ಟಿ ಕುಳಿತಿರುತ್ತಿರಲಿಲ್ಲ. ಕಪ್ಪು ಶಕ್ತಿಯ ಸಾಂದ್ರತೆಯೂ ದ್ರವ್ಯದ ಸಾಂದ್ರತೆಯೂ ನಾವಿರುವ ಈ ಕಾಲದಲ್ಲಿಯೇ ಹೆಚ್ಚುಕಡಿಮೆ ಸರಿಸಮನಾಗಿರುವುದೇಕೆ ಎಂದು ಇಂದು ಕೇಳುವ ಪ್ರಶ್ನೆಯಂತೂ 1937ರ ಪ್ರಶ್ನೆಯ ಒಡಹುಟ್ಟಿದುದೇ ಆಗಿದೆ.

ಕಪ್ಪು ಶಕ್ತಿಯಾದರೂ ಸ್ಥಿರವೇ? ಅಮೆರಿಕೆಯ ಅರಿಜೋನಾದ ಕಿಟ್ ಪೀಕ್ ಶಿಖರದಲ್ಲಿ ಡೆಸಿ ಎಂಬ ಉಪಕರಣವು ಕೋಟಿಗೂ ಮಿಕ್ಕಿ ಗೆಲಾಕ್ಸಿ ಕ್ವೇಸಾರುಗಳ ಸ್ಥಾನವನ್ನು ಗುರುತಿಸಿದೆ. 2024ರಲ್ಲಿಯೂ 2025ರಲ್ಲಿಯೂ ಪ್ರಕಟವಾದ ಅದರ ಫಲಿತಾಂಶಗಳು, ಇತರ ದತ್ತಾಂಶಗಳೊಡನೆ ಸೇರಿಸಿ ನೋಡಿದಾಗ, ಕಪ್ಪು ಶಕ್ತಿಯು ಕಾಲಕ್ರಮದಲ್ಲಿ ಕ್ಷೀಣಿಸುತ್ತಿರಬಹುದೆಂಬ ಸೂಚನೆಯನ್ನು ಕೊಟ್ಟಿವೆ. ಶೋಧವೆಂದು ಸಾರುವಷ್ಟು ಬಲ ಆ ಸೂಚನೆಗೆ ಇನ್ನೂ ಬಂದಿಲ್ಲ.

1995ರ ನವೆಂಬರಿನಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ, ನ್ಯೂಟನ್ನರ ಸಮಾಧಿಯ ಸಮೀಪದಲ್ಲಿ, ಡಿರಾಕರ ನೆನಪಿಗಾಗಿ ನೆಲದಲ್ಲೊಂದು ಕಲ್ಲನ್ನು ಹಾಸಲಾಯಿತು. ಅದರ ಮೇಲೆ ಅವರ ಹೆಸರು, ಜನನ ಮರಣಗಳ ಇಸವಿ, 1928ರ ಎಲೆಕ್ಟ್ರಾನ್ ಸಮೀಕರಣ ಇವುಗಳನ್ನು ಕೆತ್ತಿದ್ದಾರೆ. ಆ ಸಮೀಕರಣದಲ್ಲಿ ಗುರುತ್ವ ಸ್ಥಿರಾಂಕ ಬರುವುದಿಲ್ಲ.